ಸಿಡಿಲಿನ ದಿನದ ಸಹಿಗಳು

೧೪-೯-೨೦೦೩, ಭಾನುವಾರ

ನನ್ನ ಹಳೇ ಮೇಲಧಿಕಾರಿ ವಿಶ್ವಾರಾಧ್ಯ ಇವತ್ತು ದುರ್ಗಿಗುಡಿಯ ನನ್ನ ಮನೆಗೇ ಬಂದಿದ್ದ. ಭದ್ರಾವತಿಯ ಹೊರಗೆ ವಿಮಾನಗಳಿಗೆ ದಾರಿ ತೋರಿಸುತ್ತಿದ್ದ ನಮ್ಮ ರೇಡಿಯೋ ಸ್ಟೇಷನ್ ಮುಚ್ಚಿತಲ್ಲ, ಸಾಹೇಬರು ಅದರ ಇತಿಹಾಸ ಬರೆದಿದ್ದಾರಂತೆ. ಹಿಸ್ಟರಿ ಈಸ್ ದಿ... ಏನೋ ಒಂದು, ಕಾಲೇಜಿನಲ್ಲಿ ಬಾಯಿಪಾಠವಿತ್ತು.

ಗಂಟೆಗೊಮ್ಮೆ ನಮ್ಮ ಸಿಗ್ನಲನ್ನು ನಾವೇ ಕೇಳಿ ಲಾಗ್‌ಬುಕ್ಕಿನಲ್ಲಿ ಸಹಿ ಹಾಕಬೇಕಿತ್ತು. ಇವನು ಬೆಳಿಗ್ಗೆಯೇ ಎಂಟೂ ಗಂಟೆಗಳ ಸಹಿ ಒಟ್ಟಿಗೆ ಹಾಕಿ ಓಲ್ಡ್ ಟೌನಿಗೆ ಇಸ್ಪೀಟಾಡಲು ಹೋಗುತ್ತಿದ್ದ. ತೊಂಬತ್ತೊಂದರಲ್ಲಿ ಸಿಡಿಲು ಹೊಡೆದು ಸಿಗ್ನಲ್ ಸತ್ತ ದಿನವೂ ಹೋಗಿದ್ದ. ನಾನೇ ಡ್ಯೂಟಿಯಲ್ಲಿ ನಿದ್ದೆ ಮಾಡಿದೆನೆಂದು ವರದಿ ಕೊಟ್ಟ. ಲಾಗ್‌ಬುಕ್ಕು ವಿಚಾರಣೆಗೆ ಸಿಗಲಿಲ್ಲ. ನನ್ನನ್ನು ಅಸ್ಸಾಮಿಗೆ ಎಸೆದರು. ಜಗದಾಂಬಾ ಇಲ್ಲಿ ಸಾಯುವಾಗ ಗಂಡ ಅನ್ನಿಸಿಕೊಂಡ ನಾನು ರೈಲಿನಲ್ಲಿದ್ದೆ.

ಸ್ಟೇಷನ್ ಮುಚ್ಚಿದಾಗ ರದ್ದಿಯಲ್ಲಿ ಸಿಡಿಲಿನ ಆ ದಿನದ ಲಾಗ್‌ಬುಕ್ಕಿನ ಹಾಳೆ ನನಗೆ ಸಿಕ್ಕಿತ್ತು.

"ಹಳೇ ಕಾಗ್ದ ಏನಾದ್ರೂ ಇದ್ರೆ ಕೊಡು ಮಾರಾಯ, ಪುಸ್ತಕಕ್ಕೆ ಬೇಕು" ಎಂದ. ಅದರ ಜೆರಾಕ್ಸ್ ಕೊಟ್ಟೆ. ತಾರೀಕು ನೋಡಲಿಲ್ಲ, ಸಹಿ ನೋಡಿದ.

"ಎಷ್ಟು ನೀಟಾಗಿದೆ ನೋಡೋ ನನ್ ಸೈನು."

"ನೀವು ಬರ್ದ ಸಿಡ್ಲಿನ ಕಥೆ ಪಕ್ಕಕ್ಕೇ ಹಾಕ್ಸಿ ಸಾರ್, ದೊಡ್ಡದಾಗಿ."

"ಹಾಕ್ಸೋಣ ಬಿಡು."

ಬಂದ ಕೂಡಲೇ ಅವನು ನನಗೆ ಓದಿ ಹೇಳಿದ ಆ ಕಥೆಯಲ್ಲಿ ಹತ್ತರಿಂದ ಮೂರರವರೆಗೆ ಸಿಗ್ನಲ್ ಇರಲಿಲ್ಲವೆಂದು ಅವನೇ ತಾರೀಕು ಸಮೇತ ಬರೆದಿದ್ದಾನೆ. ಪಕ್ಕದ ಹಾಳೆಯಲ್ಲಿ ಹತ್ತರಿಂದ ಮೂರರವರೆಗೂ 'ಸರಿಯಾಗಿ ಕೇಳಿಸಿತು' ಎಂದು ಅವನದೇ ಸಹಿ ಇರುತ್ತದೆ. ಸಂತೋಷಕ್ಕೆ ಎರಡನೇ ಸಲ ಕಾಫಿ ಕೊಟ್ಟೆ.

ಜಗದಾಂಬಾ ಇದ್ದಿದ್ದರೆ ಬಿಟ್ಟುಬಿಡಿ ಎನ್ನುತ್ತಿದ್ದಳು. ಬಿಡುವುದಿಲ್ಲ ಮಾರಾಯ್ತಿ. ಪುಸ್ತಕ ಬರಲಿ, ವಿಚಾರಣೆ ಮಾಡಿದವರಿಗೆಲ್ಲ ಒಂದೊಂದು ಪ್ರತಿ ಕಳಿಸುತ್ತೇನೆ. ಮೇಲೆ ಇಂಗ್ಲಿಷಿನಲ್ಲೇ ಬರೆಯಬೇಕು, ಟು ಹೂಮ್ ಸೋ ಎವರ್ ಇಟ್ ಮೇ ಕನ್ಸರ್ನ್.