ಎರಡು ನೇಗಿಲು, ಒಂದೇ ಪ್ರಶ್ನೆ

ಅಣ್ಣಾ,

ನೀನು ಅಟ್ಟಿದಂತೆ ಕೃಷಿ ಮೇಳಕ್ಕೆ ಬಂದು ಎರಡು ಟೈಲ್ ನೇಗಿಲನ್ನೂ ಕಣ್ಣಾರೆ ನೋಡಿದೆ. ಅತ್ತಿಗೆಗೆ ಹೇಳು, ಬಚ್ಚಲಿಗೆ ನೀಲಿ ಟೈಲ್ ತರಲಾರೆ. ಹೆಸರಷ್ಟೇ ಟೈಲು, ಇರೋದು ತೂತಿನ ಪ್ಲಾಸ್ಟಿಕ್ ಪೈಪು. ನೇಗಿಲು ನೆಲ ಸೀಳಿ ಅದನ್ನು ಹೂಳುತ್ತಾ ಹೋಗುತ್ತೆ. ಹೊಲದಲ್ಲಿ ನಿಂತ ನೀರು ಅದರೊಳಗೆ ಇಳಿದು ಹೊರಗೆ ಹರಿದುಹೋಗುತ್ತೆ.

ಟ್ರ್ಯಾಕ್ಟರ್ ಎಳೆಯೋ ನೇಗಿಲು ನಮ್ಮ ಯಜಮಾನರ ಹಾಗೆ, ದಿಣ್ಣೆ ಬಂದರೂ ಗುಂಡಿ ಬಂದರೂ ತಲೆಯಾಡಿಸುತ್ತೆ. ಟ್ರ್ಯಾಕ್ಟರ್ ಇಲ್ಲದೆ ತಾನೇ ಓಡೋ ಇನ್ನೊಂದು ಥೇಟ್ ನೀನೇ: ಹಿಡಿದ ದಾರಿ ಬಿಡೋದಿಲ್ಲ, ಸದ್ದೂ ಜಾಸ್ತಿ.

ಬೆಳಗಿನಿಂದ ಕಚ್ಚಾಡುತ್ತಿದ್ದ ಮಾರಾಟಗಾರರಿಬ್ಬರೂ ನನ್ನನ್ನು ಕೇಳಿದ್ದು ಮಾತ್ರ ಒಂದೇ ಪ್ರಶ್ನೆ: "ಪೈಪಿನ ನೀರು ಎಲ್ಲಿಗೆ ಬಿಡ್ತೀರಮ್ಮಾ?" ನಮ್ಮ ಹೊಲಕ್ಕಿಂತ ತಗ್ಗಿನಲ್ಲಿರೋದು ಚಿಕ್ಕಪ್ಪನ ಕಾಲುವೆ ಒಂದೇ. ಆ ಚಿಕ್ಕಪ್ಪನನ್ನೇ ನೀನು ಹೋದ ವರ್ಷ ಊರೆದುರು "ನೀರುಗಳ್ಳ" ಅಂತ ಕರೆದು ಮಾತು ಬಿಟ್ಟದ್ದು. ಈಗ ಹೋಗಿ, "ನಮ್ಮ ನೀರನ್ನೂ ಇಟ್ಕೊಳ್ಳಿ" ಅನ್ನು.

ನಾನು ಆರೋಗ್ಯ. ಎಡಗಾಲಿನ ಚಪ್ಪಲಿ ಮಾತ್ರ ಇಲ್ಲಿನ ಕೆಸರಿನ ಪಾಲು.

ಕ್ಷಮೆ ಕೇಳೋ ಯಂತ್ರ ಇದೆಯಾ ಅಂತಲೂ ವಿಚಾರಿಸಿದೆ. ಅದನ್ನು ಇನ್ನೂ ಬಾಯಲ್ಲೇ ಮಾಡಬೇಕಂತೆ.

ಬಸ್ಸು ಬಂತು.
ನಿನ್ನ ತಂಗಿ