ಅಂಟುವುದಿಲ್ಲ ಎಂಬ ಚೀಟಿ

ಭಾನುವಾರ, ಮಾರ್ಚ್ ೯

ಅಕ್ಕಾ,

ನೀನು, ಭಾವ, ಪಾಪು ಎಲ್ಲರೂ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ಉತ್ತರ ಒಂದು ತಿಂಗಳು ತಡವಾಯಿತು, ಬೈಯಬೇಡ. ಬೆರಳು ಮಡಿಸಿದರೆ ಬಿರುಕು ಬಾಯಿ ಬಿಡುತ್ತಿತ್ತು. ಸಿಟ್ಟೂ ಇತ್ತು. "ಕೈ ವಾಸಿಯಾದ ಮೇಲೆ ಬಾ, ಪಾಪುಗೆ ಅಂಟಿದ್ರೆ ಕಷ್ಟ" ಎಂದು ಬರೆದಿದ್ದೆಯಲ್ಲ. ಮೂರು ಸಲ ಬರೆದು ಹರಿದೆ. ಈಗಲೂ ಒಂದು ಸಾಲು ಬರೆದು, ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ.

ಆಸ್ಪತ್ರೆಯಲ್ಲೇ ಕೆಲಸ, ತೋರಿಸಿಕೊಳ್ಳಬಾರದೇ ಎಂದು ಭಾವ ಕೇಳಿದರಂತೆ. ನಾನಿರುವುದು ಕೆಳಗಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ಚರ್ಮದ ಡಾಕ್ಟರನ್ನು ಕಾಣಲು ಚೀಟಿ ಕೊಡುವುದು ಬೆಳಿಗ್ಗೆ ಎಂಟರಿಂದ ಹತ್ತು. ವಾರ್ಡುಗಳ ಹೊದಿಕೆ ಬಂದು ಬೀಳುವುದೂ ಆಗಲೇ. ಗ್ಲೌಸು ಒಂದೇ ಜೊತೆ. ಎಡಗೈಯದು ನನಗೆ, ಬಲಗೈಯದು ಜೊತೆಯವಳಿಗೆ. "ನಾವಿಬ್ರೂ ಸೇರಿದ್ರೆ ಒಬ್ಬಳು ಪೂರ್ತಿ ಹೆಂಗಸು ಕಣೇ" ಎನ್ನುತ್ತಾಳೆ.

ಹೋದ ಮಂಗಳವಾರ ಚರ್ಮದ ಡಾಕ್ಟರಮ್ಮನ ಕೋಟಿನ ಜೇಬಿನಲ್ಲಿ ಮುಲಾಮಿನ ಟ್ಯೂಬು ಸಿಕ್ಕಿತು. ಸುಳ್ಳೇಕೆ, ಎರಡು ದಿನ ಹಚ್ಚಿಕೊಂಡೆ. ಮೂರನೆಯ ದಿನ ಮನಸ್ಸು ತಡೆಯದೆ ಕೆಲಸ ಬಿಟ್ಟು ಮೇಲೆ ಹೋಗಿ ಅವರ ಮೇಜಿನ ಮೇಲಿಟ್ಟೆ.

"ಅರ್ಧ ಖಾಲಿ ಆಗಿದೆಯಲ್ಲಮ್ಮಾ?"

"ನಾನೇ ಹಚ್ಕೊಂಡೆ ಮೇಡಂ."

ಅವರು ಬೈಯಲಿಲ್ಲ. ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಬರಿಗೈಯಲ್ಲಿ, ಅಕ್ಕಾ. "ಇದು ಇಸುಬು. ಮುಟ್ಟಿದ್ರೆ ಅಂಟೋದಲ್ಲ. ಒಂದು ತಿಂಗಳು ಸೋಪು, ಬ್ಲೀಚು ಮುಟ್ಬೇಡ."

"ಹಾಗಾದ್ರೆ ನಿಮ್ಮ ಕೋಟು ಯಾರು ಒಗೀತಾರೆ?"

ಅವರು ಪೆನ್ನು ಕೈಗೆತ್ತಿಕೊಂಡರು. "ರಜೆಗೆ ಚೀಟಿ ಬರೆದುಕೊಡ್ಲಾ?"

ರಜೆ ಹಾಕಿದರೆ ನನ್ನ ಜಾಗಕ್ಕೆ ಮರುದಿನವೇ ಇನ್ನೊಬ್ಬಳು ಬರುತ್ತಾಳೆ. "ಬೇಡ ಮೇಡಂ. ಅಂಟಲ್ಲ ಅಂದ್ರಲ್ಲ, ಅದನ್ನೇ ಬರೆದು ಸೀಲ್ ಹಾಕಿಕೊಡಿ" ಎಂದೆ.

ಮೇಷ್ಟ್ರು ನನಗೆ ಬೇರೆ ಬೆಂಚು ಹಾಕಿಸಿದ ದಿನ ಈ ಚೀಟಿ ಇದ್ದಿದ್ದರೆ ಶಾಲೆ ಬಿಡುತ್ತಿರಲಿಲ್ಲ. ಬಿಡುತ್ತಿದ್ದೆನೇನೋ, ಲೆಕ್ಕವೂ ತಲೆಗೆ ಹತ್ತುತ್ತಿರಲಿಲ್ಲ.

ಚೀಟಿ ಇದರೊಳಗಿದೆ. ಭಾವನಿಗೂ ತೋರಿಸು. ಕೈ ವಾಸಿಯಾಗಲಿ ಬಿಡಲಿ, ಮುಂದಿನ ಭಾನುವಾರ ಬರುತ್ತೇನೆ. ಪಾಪು ಹೊಟ್ಟೆ ತುಂಬ ಹಾಲು ಕುಡಿದು ಕಣ್ತುಂಬ ನಿದ್ದೆ ಮಾಡಲಿ.

ಕೆರೆದುಕೊಳ್ಳುತ್ತೇನೆಂದು ನೀನೇ ಹೆಸರಿಟ್ಟ
ಪರಪರಿ

ಬರೆಯಲೋ ಬೇಡವೋ ಎಂದಿದ್ದ ಮಾತು: ನೀನು ಕಳಿಸಿದ ಫೋಟೋದಲ್ಲಿ ಪಾಪುವಿನ ಮೊಣಕೈ ಮಡಿಕೆ ಕೆಂಪಗಿದೆ. ಆ ಕೆಂಪು ನನಗೆ ಗೊತ್ತು. ಡಾಕ್ಟರಮ್ಮನಿಗೂ ತೋರಿಸಿದೆ. "ಮನೆಯಲ್ಲಿ ಒಬ್ಬರಿಗಿದ್ರೆ ಮಕ್ಕಳಿಗೂ ಬರೋದುಂಟು, ತಡ ಮಾಡದೆ ಕರ್ಕೊಂಡು ಬರೋಕೆ ಹೇಳು" ಎಂದರು. ನಾನು ಕಾದ ಹಾಗೆ ಪಾಪುವನ್ನು ಕಾಯಿಸಬೇಡ. ನನ್ನಿಂದ ಅಂಟಿತು ಎಂದು ಮಾತ್ರ ಅನ್ನಬೇಡ ಅಕ್ಕಾ. ನಾನು ಅವಳನ್ನು ಇನ್ನೂ ಒಂದು ಸಲವೂ ಮುಟ್ಟಿಲ್ಲ.