ನನ್ನ ಗಂಡನ ಮಾತು ಮುಗಿದಿಲ್ಲ

ವೈದ್ಯಕೀಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಕಳೆದ ತಿಂಗಳು ತಾವು ನನ್ನ ಗಂಡನ ಮಾತಿನ ಚಿಕಿತ್ಸೆಯನ್ನು ನಿಲ್ಲಿಸಿದಿರಿ. 'ಇನ್ನು ಸುಧಾರಣೆ ಸಾಧ್ಯವಿಲ್ಲ' ಎಂಬುದು ತಮ್ಮ ತೀರ್ಮಾನ. ಅದನ್ನು ಘೋಷಿಸುವಾಗ ತಮ್ಮ ಮೇಜಿನ ಮೇಲಿನ ಚಹಾ ಇನ್ನೂ ಹಬೆಯಾಡುತ್ತಿತ್ತು. ನಾನೇ ಕಣ್ಣಾರೆ ನೋಡಿದೆ. ಒಬ್ಬ ಮನುಷ್ಯನ ಭವಿಷ್ಯವನ್ನು ಇಷ್ಟು ಚುರುಕಾಗಿ ಮುಗಿಸುವ ಕಚೇರಿ ಇನ್ನೆಲ್ಲಿದ್ದೀತು?

ನನ್ನ ಗಂಡ ಬಂದರಿನಲ್ಲಿ ಕ್ರೇನ್ ಚಾಲಕ. ಮನೆಯಲ್ಲಂತೂ ಅವರ ಬಾಯಿಗೆ ಬೀಗವೇ ಇರಲಿಲ್ಲ. ಒಂದು ಬೆಳಿಗ್ಗೆ ಕ್ರೇನಿನ ಏಣಿ ಇಳಿಯುವಾಗ ಕಾಲು ಜಾರಿ ತಲೆಗೆ ಪೆಟ್ಟು ಬಿತ್ತು. ಜೀವ ಉಳಿಯಿತು, ಬಲಗೈ ಸೋತಿತು, ಪದಗಳು ಚೆಲ್ಲಾಪಿಲ್ಲಿಯಾದವು. ನೀರು ಬೇಕಾದಾಗ 'ಕಿಟಕಿ' ಎನ್ನುತ್ತಿದ್ದರು. ತಪ್ಪೆಂದು ತಿಳಿದು ಹಣೆ ಚಚ್ಚಿಕೊಳ್ಳುತ್ತಿದ್ದರು. ಅರ್ಥವಾಗುತ್ತಿತ್ತು ಸ್ವಾಮಿ, ಎಲ್ಲವೂ ಅರ್ಥವಾಗುತ್ತಿತ್ತು. ಸಿಗದೇ ಇದ್ದದ್ದು ಪದ ಮಾತ್ರ. ಚಿಕಿತ್ಸೆ ಕೊಡುವಾಕೆ ತಾಳ್ಮೆಯಿಂದ ಒಂದೊಂದೇ ಪದವನ್ನು ಅವರ ಬಾಯಿಗೆ ಮರಳಿ ತರುತ್ತಿದ್ದರು.

ಆ ದಿನ ತಮ್ಮ ಕಚೇರಿಯಲ್ಲಿ ತಾವು ಪೆನ್ನು ಎತ್ತಿ ಹಿಡಿದು "ಇದೇನಪ್ಪಾ?" ಎಂದಿರಿ. ಅವರ ತುಟಿ ಅದುರಿತು. 'ಚಮಚ' ಎಂದು ಹೊರಬಂತು. ತಾವು ನಕ್ಕು, ನನ್ನತ್ತ ತಿರುಗಿ, "ನೋಡಮ್ಮ, ಇಷ್ಟೇ. ಸುಮ್ನೆ ಆಸೆ ಇಟ್ಕೋಬೇಡ," ಎಂದಿರಿ. ಅವರೆದುರಿಗೇ! ಮಾತು ಬರದವರಿಗೆ ಕಿವಿಯೂ ಕೇಳಿಸದೆಂದು ಯಾವ ವೈದ್ಯಶಾಸ್ತ್ರ ಹೇಳುತ್ತದೆ? ಮನೆಗೆ ಬಂದವರು ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ತಪ್ಪು ಪದಗಳೂ ನಿಂತುಹೋದವು. ಸುಳ್ಳೇಕೆ, ನಾನೂ ತಮ್ಮ ಮಾತನ್ನು ನಂಬತೊಡಗಿದ್ದೆ.

ಹೋದ ವಾರ ನಾನು ಹೊರಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ಅಡುಗೆಮನೆಯಲ್ಲಿ ಅತ್ತೆ ಹಾಲು ಕಾಯಿಸುತ್ತಿದ್ದರು, ಇವರು ಅಲ್ಲೇ ಮೂಲೆಯಲ್ಲಿ ಕೂತಿದ್ದರು. ಇದ್ದಕ್ಕಿದ್ದಂತೆ "ಬಸ್ಸು! ಬಸ್ಸು!" ಎಂಬ ಕೂಗು.

ಯಂತ್ರ ನಿಲ್ಲಿಸಿ, "ಯಾವ ಬಸ್ಸು ರೀ?" ಎಂದು ಕೂತಲ್ಲಿಂದಲೇ ಕೇಳಿದೆ.

ಆಮೇಲೆ ಬಂದ ಕೂಗು, "ಚಿಟ್ಟೇ!"

ಆ ಹೆಸರಿನಿಂದ ನನ್ನನ್ನು ಕರೆಯುವವರು ಈ ಲೋಕದಲ್ಲಿ ಅವರೊಬ್ಬರೇ. ಅಪಘಾತವಾದ ಮೇಲೆ ನಾನು ಅದನ್ನು ಕೇಳಿರಲಿಲ್ಲ. ಎದ್ದುಬಿದ್ದು ಓಡಿದೆ. ಅತ್ತೆಯ ಶಾಲಿಗೆ ಒಲೆಯ ಬೆಂಕಿ ಹತ್ತಿಕೊಂಡಿತ್ತು. ಇವರು ಎಡಗೈಯಲ್ಲಿ ಅದನ್ನು ಕಿತ್ತೆಸೆದು ಬರಿಗಾಲಲ್ಲಿ ತುಳಿಯುತ್ತಿದ್ದರು. ನಾನು ಬಕೆಟ್ಟಿನ ನೀರು ಸುರಿದೆ. ಅತ್ತೆ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಒಳಗೇ ಇದ್ದಾನೆ ಕಣೇ ನನ್ನ ಮಗ, ಎಲ್ಲೂ ಹೋಗಿಲ್ಲ," ಎಂದರು. ಅಂಗಾಲು ಸುಟ್ಟ ನೋವಿನಲ್ಲೂ ಇವರು ನಕ್ಕರು.

ಪವಾಡ ನಡೆಯಿತೆಂದು ನಾನು ಹೇಳುತ್ತಿಲ್ಲ. ಮರುದಿನ ಆ ಹೆಸರು ಮತ್ತೆ ಕೈತಪ್ಪಿತು. ಆದರೆ ಈಗ ಹುಡುಕುತ್ತಿದ್ದಾರೆ. ನನ್ನ ಮುಖ ನೋಡುತ್ತಾರೆ, ಬಾಯಿ ತೆರೆಯುತ್ತಾರೆ, ನಾನು ಸೂಜಿ ಕೆಳಗಿಟ್ಟು ಕಾಯುತ್ತೇನೆ.

ಹಾಗಾಗಿ ನಾನು ಒತ್ತಾಯಿಸುತ್ತೇನೆ, ಅಂಗಲಾಚುವುದಿಲ್ಲ: ಚಿಕಿತ್ಸೆಯನ್ನು ಈ ವಾರವೇ ಮತ್ತೆ ಶುರು ಮಾಡಿಸಿ. ಅವರನ್ನು ಇನ್ನೊಮ್ಮೆ ಪರೀಕ್ಷಿಸಿ. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವ ತನಕ ಕಾಯುವ ಸೌಜನ್ಯ ತೋರಿಸಿ. ತಮಗೆ ತಿಳಿಯದ್ದನ್ನು 'ಸಾಧ್ಯವಿಲ್ಲ' ಎನ್ನುವ ಬದಲು 'ಗೊತ್ತಿಲ್ಲ' ಎನ್ನಿ. ತಮ್ಮ ತಲೆಗೇನೂ ಪೆಟ್ಟು ಬಿದ್ದಿಲ್ಲವಲ್ಲ, ಆ ಪದ ಸಿಗುವುದು ಕಷ್ಟವಾಗಲಾರದು.

ಇಂತಿ,
ಗಂಡನ ಕಾಲಿನ ಗಾಯ ಮಾಗಿದ ಕೂಡಲೇ, ಕರೆಯದಿದ್ದರೂ ತಮ್ಮ ಬಾಗಿಲಿಗೆ ಬರಲಿರುವ ಒಬ್ಬ ಹೆಂಡತಿ